ನೋಡ್ಲಿಕ್ಕ ರೊಕ್ಕ ಹತ್ತತಾವೇನು

ವಾಡಿಯ ಸಮುದಾಯ ಭವನದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಆಡಿದ ಮಾತಿಗೆ ಕೆಲವರು ಇನ್ನೂ ಮುನಿಸಿಕೊಂಡಿದ್ದಾರೆ. ಸತ್ತವರ ಬಗ್ಗೆ ಹಾಗೆಲ್ಲ ಆಡಬಾರದು ಎಂದು ಒಬ್ಬರು ಮನೆಗೇ ಬಂದು ಬುದ್ಧಿ ಹೇಳಿ, ಚಹಾ ಕುಡಿದು ಹೋದರು. ಬದುಕಿದ್ದಾಗಲೂ ಆಡಿದ್ದೆನಲ್ಲ, ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೆ. ಸಭೆಯಲ್ಲಿ ಎರಡು ಮಾತಿನಲ್ಲಿ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ತೀರಿಕೊಂಡವರು ನನ್ನ ಹಳೆಯ ಮೇಲಧಿಕಾರಿ, ಹೆಸರು ಬರೆಯುವುದಿಲ್ಲ. ಮಕ್ಕಳು ಒಳ್ಳೆಯವರು, ಅಪ್ಪನನ್ನು ಆರಿಸಿಕೊಂಡು ಹುಟ್ಟಿದವರಲ್ಲ. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಬಹುವಚನ ನಾಲಿಗೆಗೆ ಹತ್ತಿದ ರೂಢಿ, ಅದರಲ್ಲಿ ಗೌರವ ಹುಡುಕಬೇಡಿ.

ಎಂಬತ್ತರ ದಶಕದ ಕೊನೆಯ ಮಾತು. ವಾಡಿಯಿಂದ ಚಿತ್ತಾಪುರದ ಕಡೆಗೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಸಿಮೆಂಟ್ ಕಾರ್ಖಾನೆ ಇತ್ತು. ಈಗ ಇಲ್ಲ. ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಮೇಜಿನ ಮೇಲೆ ಇಡುವಂಥದ್ದಲ್ಲ, ಆಳೆತ್ತರದ ಕಪಾಟು. ಇಡೀ ಕಾರ್ಖಾನೆಯಲ್ಲಿ ಎ.ಸಿ. ಇದ್ದದ್ದು ಅದಕ್ಕೊಂದಕ್ಕೇ. ಜನರಲ್ ಮ್ಯಾನೇಜರರಿಗೂ ಬರೀ ಕೂಲರ್. ಊರಿಗೆ ಊರೇ ಸಿಮೆಂಟಿನ ಹುಡಿ ಉಸಿರಾಡುತ್ತಿದ್ದರೂ ಆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕಿತ್ತು. ಹುಡಿ ಬಿದ್ದರೆ ಯಂತ್ರ ಸಾಯುತ್ತದೆ ಎಂದು ನಮ್ಮ ಚಪ್ಪಲಿ ಬಿಡಿಸುತ್ತಿದ್ದ ಸಾಹೇಬರೇ ಆಯುಧಪೂಜೆಯ ದಿನ ಅದರ ನೆತ್ತಿಯ ಮೇಲೆ ಕುಂಕುಮ ಭಂಡಾರ ಎರಚಿ, ತೆಂಗಿನಕಾಯಿ ಒಡೆದು, ಕೋಣೆ ತುಂಬ ಲೋಬಾನದ ಹೊಗೆ ಹಾಕಿಸಿದರು. ಮರುದಿನ ಅದು ಕೆಲಸ ಮಾಡಲಿಲ್ಲ. ಹಬ್ಬದ ಮರುದಿನ ಎತ್ತಿಗೂ ಬಿಡುವು ಕೊಡ್ತೀವಿ ಎಂದು ಸಮಾಧಾನ ಮಾಡಿಕೊಂಡರು.

ಕಪಾಟಿನಿಂದ ತಂತಿ ಎಳೆದು ನಾಲ್ಕು ಕಡೆ ಪರದೆ, ಕೀಲಿಮಣೆ ಇಟ್ಟಿದ್ದರು. ಕರಿಯ ಪರದೆ, ಹಸಿರು ಅಕ್ಷರ. ಒಂದು ಸಾಹೇಬರ ಮೇಜಿನ ಮೇಲೆ, ಒಂದು ನನ್ನ ಮುಂದೆ, ಒಂದು ಲೆಕ್ಕದವರ ಹತ್ತಿರ, ಇನ್ನೊಂದು ಗೇಟಿನಲ್ಲಿ, ಲಾರಿಗಳಿಗೆ ಚಲನ್ ಕೊಡುವ ಕಿಟಕಿಯೊಳಗೆ. ನಾನು ಪ್ರೋಗ್ರಾಮರ್. ಹಾಗೆಂದರೆ ಆ ಕಾಲದಲ್ಲಿ ಸಾಹೇಬರು ಅಂದದ್ದಕ್ಕೆಲ್ಲ ಹೂಂ ಅನ್ನುವ ಹುದ್ದೆ ಎಂದು ಅವರು ತಿಳಿದಿದ್ದರು. ನಾನು ಹೂಂ ಅನ್ನುತ್ತಿರಲಿಲ್ಲ, ಹೀಗಾಗಿ ನಮಗೆ ಆಗಿಬರಲಿಲ್ಲ.

ಅವರು ಶಹಾಬಾದಿನವರು. ಮೊದಲು ಸ್ಟೋರಿನಲ್ಲಿ ಗೋಣಿಚೀಲ, ಗ್ರೀಸು, ಬೆಲ್ಟು ನೋಡಿಕೊಳ್ಳುತ್ತಿದ್ದರು. ಯಂತ್ರ ಬರುತ್ತದೆ ಎಂದಾಗ ಹಿರಿತನದ ಮೇಲೆ ಅವರನ್ನೇ ಅದರ ಮುಖ್ಯಸ್ಥರನ್ನಾಗಿ ಮಾಡಿ ಮುಂಬಯಿಗೆ ತರಬೇತಿಗೆ ಕಳಿಸಿದರು. ಕೆಲವು ವಾರ ಇದ್ದು ಒಂದು ಸಫಾರಿ ಸೂಟು ಮತ್ತು ಒಂದು ಕಮಾಂಡು ಕಲಿತುಕೊಂಡು ಬಂದರು. ಉಳಿದ ನೌಕರಿಯನ್ನೆಲ್ಲ ಆ ಎರಡರ ಮೇಲೇ ತೆಗೆದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಸಾಹೇಬರು ಹಿಡಿದದ್ದು ಕಮಾಂಡು.

ಆ ಕಮಾಂಡಿನ ಕೆಲಸ ಯಂತ್ರ ಹೇಗೆ ನಡೆಯುತ್ತಿದೆ ಎಂದು ತೋರಿಸುವುದು. ಅಕ್ಷರ ಹೊಡೆದು ಗುಂಡಿ ಒತ್ತಿದರೆ ಕ್ಷಣಕ್ಕೊಂದು ಸಾಲು ಪರದೆಯ ಬುಡದಲ್ಲಿ ಹುಟ್ಟಿ ಮೇಲಕ್ಕೆ ಸರಿಯುತ್ತಿತ್ತು. ಸಾಲಿನ ತುಂಬ ಅಂಕಿ. ಎಷ್ಟು ಕೆಲಸ ಸರದಿಯಲ್ಲಿವೆ, ಎಷ್ಟು ಕೆಲಸ ಡಿಸ್ಕಿನ ದಾರಿ ಕಾಯುತ್ತ ಕುಳಿತಿವೆ, ಜಾಗ ಎಷ್ಟು ಉಳಿದಿದೆ, ಹೀಗೆ ಎಡದಿಂದ ಬಲಕ್ಕೆ. ಎಲ್ಲಕ್ಕಿಂತ ಬಲಕ್ಕೆ, ಕಟ್ಟಕಡೆಗೆ, ಪ್ರೊಸೆಸರ್ ನೂರರಲ್ಲಿ ಎಷ್ಟು ಪಾಲು ಕೆಲಸವಿಲ್ಲದೆ ಇದೆ ಎಂಬ ಅಂಕಿ. ಸಾಹೇಬರಿಗೆ ತಿಳಿಯುತ್ತಿದ್ದದ್ದು ಅದೊಂದೇ. ಉಳಿದ ಅಂಕಿಗಳಿಂದ ಕಣ್ಣಿಗೆ ತ್ರಾಸು ಎಂದು ಕಾಗದದ ಪಟ್ಟಿ ಕತ್ತರಿಸಿ, ಪರದೆಯ ಎಡಭಾಗವನ್ನು ಪೂರ್ತಿ ಮುಚ್ಚಿ ಅಂಟಿಸಿಬಿಟ್ಟಿದ್ದರು. ಬಲಗಡೆ ಒಂದು ಸಂದು ಮಾತ್ರ ತೆರೆದಿತ್ತು. ಆ ಸಂದಿನಲ್ಲಿ ಅಂಕಿ ಏರಿ ಹೋಗುವುದನ್ನು ನೋಡುತ್ತ, ಉಂಗುರದ ಬೆರಳಿನಿಂದ ಗಾಜಿಗೆ ತಟ್ಟುತ್ತ, ಖಾಲಿ ಅದ, ಖಾಲಿ ಅದ ಎಂದು ಗೊಣಗುವುದೇ ಅವರ ದಿನದ ಕಾಯಕ.

ಹೆಂಚು ಖಾಲಿ ಇದೆ ಎಂದರೆ ರೊಟ್ಟಿ ಬಡಿಯುವವಳು ಮೈಗಳ್ಳಿ ಎಂದಲ್ಲ, ಗಿರಣಿಯಿಂದ ಹಿಟ್ಟೇ ಬಂದಿಲ್ಲ ಎಂದೂ ಇರಬಹುದು. ಲೆಕ್ಕ ಮಾಡುವ ಪ್ರೊಸೆಸರ್ ಹೆಂಚು, ದಾಖಲೆ ಇಟ್ಟುಕೊಳ್ಳುವ ಡಿಸ್ಕು ಗಿರಣಿ. ಇಷ್ಟು ತಿಳಿಯಲು ಮುಂಬಯಿಗೆ ಹೋಗಬೇಕಾಗಿಲ್ಲ. ಆದರೆ ಸಾಹೇಬರು ಹೆಂಚೊಂದನ್ನೇ ನೋಡುತ್ತಿದ್ದರು, ಗಿರಣಿಯ ಮುಂದಿನ ಸಾಲನ್ನು ಕಾಗದ ಅಂಟಿಸಿ ಮುಚ್ಚಿದ್ದರು. ವಾಡಿ ಜಂಕ್ಷನ್ನಿನಲ್ಲಿ ಒಮ್ಮೆ ಗೂಡ್ಸ್ ಗಾಡಿ ನಿಂತಿತ್ತು. ಸಿಗ್ನಲ್ ಬಿದ್ದಿರಲಿಲ್ಲ, ಅದಕ್ಕೆ ನಿಂತಿತ್ತು. ಸಾಹೇಬರು ಎಂಜಿನ್ನನ್ನು ನೋಡಿ, ಸರ್ಕಾರದ ಮಂದಿ ಹೀಂಗ ಖಾಲಿ ಕುಂದ್ರತಾರ ನೋಡು ಎಂದರು. ಸಿಗ್ನಲ್ ಕಂಬ ಅವರ ತಲೆಯ ಮೇಲೇ ಇತ್ತು.

ಒಂದು ಒಳ್ಳೆಯ ಮಾತು ಹೇಳಲೇಬೇಕು. ಲಾರಿಯವರಿಂದ ಅವರು ಒಂದು ಬೀಡಿಯನ್ನೂ ಮುಟ್ಟಲಿಲ್ಲ. ಅಕ್ಷರ ಮುತ್ತು ಪೋಣಿಸಿದಂತೆ. ಆ ಮುತ್ತಿನ ಅಕ್ಷರದಲ್ಲೇ ಪ್ರತಿ ಬೆಳಿಗ್ಗೆ ಜನರಲ್ ಮ್ಯಾನೇಜರರಿಗೆ ಚೀಟಿ ಹೋಗುತ್ತಿತ್ತು. ನಿನ್ನೆ ಯಂತ್ರ ಇಷ್ಟು ಪಾಲು ಖಾಲಿ ಕುಳಿತಿತ್ತು, ಕೆಲಸಗಾರರು ಕೆಲಸ ಕೊಡಲಿಲ್ಲ ಎಂದು. ಮ್ಯಾನೇಜರರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅಂಕಿ ಇದೆಯಲ್ಲ, ಅಂಕಿ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು.

ಗೇಟಿನ ಕಿಟಕಿಯಲ್ಲಿ ಕೂರುತ್ತಿದ್ದವಳು ಮಹಾದೇವಿ. ಶಹಾಬಾದಿನ ಹತ್ತಿರ ಕಾಗಿಣಾ ದಂಡೆಯ ಊರಿನವಳು. ಅವರದು ತಲೆಮಾರಿನಿಂದ ಹೊಳೆಯ ದಂಡೆಯ ಮನೆತನ, ಅಪ್ಪ ಮಳೆಗಾಲದಲ್ಲಿ ತೆಪ್ಪ ಹಾಕುತ್ತಿದ್ದ, ಬೇಸಿಗೆಯಲ್ಲಿ ಹೊಲದ ಕೂಲಿಗೆ ಹೋಗುತ್ತಿದ್ದ. ಆಕೆ ಟೈಪಿಂಗ್ ಪರೀಕ್ಷೆಯಲ್ಲಿ ಮೇಲ್ಮಟ್ಟದಲ್ಲಿ ಪಾಸಾಗಿ ಬಂದಿದ್ದಳು. ಕೀಲಿಮಣೆಯ ಮೇಲೆ ಆಕೆಯ ಬೆರಳು ಓಡುವುದನ್ನು ನೋಡಲು ಲಾರಿ ಡ್ರೈವರುಗಳು ಕಿಟಕಿಗೆ ಮುಖ ಹಚ್ಚುತ್ತಿದ್ದರು. ನೌಕರಿ ಮಾತ್ರ ಹಂಗಾಮಿ. ವರ್ಷದ ಕೊನೆಗೆ ಸಾಹೇಬರು ಒಳ್ಳೆಯ ವರದಿ ಕೊಟ್ಟರೆ ಕಾಯಂ, ಇಲ್ಲವಾದರೆ ಮನೆಗೆ.

ಆ ವರ್ಷವೇ ಆಕೆಯ ಮದುವೆ ನಿಶ್ಚಯವಾಯಿತು. ವರ ಸುಲೇಪೇಟದವನು, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ಮನೆಯವರು ಒಂದೇ ಮಾತು ಹೇಳಿದ್ದರಂತೆ. ನೌಕರಿ ಕಾಯಂ ಆದರೆ ಕ್ವಾರ್ಟರ್ಸ್ ಸಿಗುತ್ತದೆ, ಮಗನೂ ವಾಡಿಗೆ ಬಂದಿರಲಿ. ಆಗದಿದ್ದರೆ ಹೆಣ್ಣುಮಗಳು ಸುಲೇಪೇಟದಲ್ಲೇ ಮನೆ ನೋಡಿಕೊಂಡಿರಲಿ. ಮಹಾದೇವಿಗೆ ಆ ನೌಕರಿ ಎಷ್ಟು ಬೇಕಾಗಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ಮೊದಲ ಪಗಾರದಲ್ಲಿ ಆಕೆ ತನ್ನ ಅಪ್ಪನಿಗೆ ತಂದುಕೊಟ್ಟದ್ದು ಒಂದು ಕೈಗಡಿಯಾರ. ಆತ ನೀರಿಗೆ ಇಳಿಯುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲವಂತೆ.

ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಅಕ್ಷತೆ ಇಟ್ಟು, ಆಕೆ ಮೊದಲು ಸಾಹೇಬರ ಮೇಜಿಗೆ ಹೋಗಿ ಕಾಲು ಮುಟ್ಟಿ ಕೊಟ್ಟಳು. ಅಲ್ಲಿಯವರೆಗೆ ಸಾಹೇಬರ ಪರದೆಗೆ ಕ್ಯಾಲೆಂಡರಿನ ಹಾಳೆ ಅಂಟಿತ್ತು, ಅದು ಫ್ಯಾನಿನ ಗಾಳಿಗೆ ಸುರುಳಿಯಾಗಿ ಬೀಳುತ್ತಿತ್ತು. ಲಗ್ನಪತ್ರಿಕೆ ಒಳ್ಳೆಯ ದಪ್ಪ ಕಾರ್ಡು. ಆಕೆ ಬೆನ್ನು ತಿರುಗಿಸಿದ್ದೇ ತಡ, ಸಾಹೇಬರು ಕತ್ತರಿ ತೆಗೆದರು. ಅಂದಿನಿಂದ ಅವರ ಪರದೆಯ ಮೇಲೆ ಅರ್ಧ ಗಣಪತಿ, ಅದರ ಕೆಳಗೆ ಚಿ. ಸೌ. ಮಹಾ ಎಂಬಲ್ಲಿಗೆ ಕತ್ತರಿ ಬಿದ್ದ ಹೆಸರು. ಮಹಾದೇವಿ ಮಾರನೆಯ ದಿನ ಅದನ್ನು ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ಮದುವೆಗೆ ಕಾರ್ಖಾನೆಯ ಜೀಪಿನಲ್ಲಿ ಸುಲೇಪೇಟಕ್ಕೆ ಹೋದೆವು. ಊಟದ ಹೊಣೆ ಹುಡುಗಿಯವರದು. ಸಾಹೇಬರು ಅಕ್ಷತೆಗೆ ನಿಲ್ಲಲಿಲ್ಲ, ನೇರ ಅಡಿಗೆಯ ಕಡೆ ನಡೆದರು. ದೊಡ್ಡ ಹಂಡೆಯಲ್ಲಿ ಅನ್ನ ಬೇಯುತ್ತಿತ್ತು. ಮುಚ್ಚಳ ತೆಗೆದು ನೋಡಿದರು. ಇನ್ನೂ ಆಗಿಲ್ಲ ಎಂದು ಮುಚ್ಚಿದರು. ಒಂದು ಚಣ ಬಿಟ್ಟು ಮತ್ತೆ ತೆಗೆದರು. ಉಗಿಯೆಲ್ಲ ಹಾರಿಹೋಗುತ್ತಿದ್ದರೆ ಬೆಂಕಿ ಸಣ್ಣದದ, ಕಟ್ಟಿಗಿ ಹಾಕ್ರಿ ಎಂದು ಅಡಿಗೆಯವರನ್ನು ಬೈದರು. ಹುಡುಗಿಯ ಅಪ್ಪ ಬಂದು ಕೈಮುಗಿದು, ಹೊರಗ ಕುಂದ್ರಿ ಸಾಹೇಬ್ರ, ಪಾನ ಹಾಕ್ಕೋರಿ ಎಂದು ಬೇಡಿಕೊಂಡ. ಸಾಹೇಬರು ಆ ಮನುಷ್ಯನ ಹೆಗಲು ತಟ್ಟಿ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಹೆದರಬ್ಯಾಡ್ರಿ. ನಾ ಏನೂ ಮಾಡ್ಲಿಕತ್ತಿಲ್ಲ, ಬರೀ ನೋಡ್ಲಿಕತ್ತೀನಿ. ನೋಡ್ಲಿಕ್ಕ ರೊಕ್ಕ ಹತ್ತತಾವೇನು?"

ಮೊದಲ ಪಂಕ್ತಿಗೆ ಬಡಿಸಿದ ಅನ್ನ ಅರೆಬೆಂದಿತ್ತು. ಬೀಗರ ಎದುರಿಗೆ ಆ ಅಪ್ಪನ ಮುಖ ಇಷ್ಟೇ ಇಷ್ಟಾಯಿತು. ಸಾಹೇಬರು ಅದೇ ಅನ್ನವನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡು, ಹಳ್ಳಿ ಮಂದಿಗೆ ಟೈಮಿನ ಖಬರಿಲ್ಲ ಎಂದು ಜೀಪಿನಲ್ಲಿ ಚಿಂಚೋಳಿ ರಸ್ತೆ ತಿರುಗುವವರೆಗೂ ಹೇಳಿದರು.

ಮದುವೆಯಾದ ಮೇಲೂ ಮಹಾದೇವಿ ಕಾಯಂ ವರದಿಯ ದಾರಿ ಕಾಯುತ್ತ ಅಪ್ಪನ ಮನೆಯಿಂದಲೇ ಕೆಲಸಕ್ಕೆ ಬರುತ್ತಿದ್ದಳು. ಆಗಲೇ ಯಂತ್ರ ನಿಧಾನವಾಗತೊಡಗಿತು. ಮೊದಮೊದಲು ನನ್ನ ಭ್ರಮೆ ಎಂದುಕೊಂಡೆ. ದಿನ ಕಳೆದ ಹಾಗೆ ಕೀಲಿ ಒತ್ತಿದರೆ ಅಕ್ಷರ ಮೂಡಲು ಕಾಯಬೇಕಾಯಿತು. ಒಂದು ಚಲನ್ ಹೊರಬರುವಷ್ಟರಲ್ಲಿ ಡ್ರೈವರ್ ಬೀಡಿ ಸೇದಿ ಮುಗಿಸುತ್ತಿದ್ದ. ಲಾರಿಗಳ ಸಾಲು ಗೇಟು ದಾಟಿ ರೈಲ್ವೆ ಫಾಟಕದವರೆಗೆ ಬೆಳೆಯಿತು. ವಾಡಿಯ ಬಿಸಿಲಿನಲ್ಲಿ ಲಾರಿಯೊಳಗೆ ಕುಳಿತವನಿಗೆ ಡಿಸ್ಕು, ಪ್ರೊಸೆಸರ್ ಎಲ್ಲಿಂದ ಗೊತ್ತು? ಕಿಟಕಿಯೊಳಗಿನ ಹೆಣ್ಣುಮಗಳು ಕಾಣುತ್ತಾಳೆ, ಅವಳನ್ನು ಬೈದ. ಉರ್ದುವಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಬೈದರು. ಮಹಾದೇವಿ ತಲೆ ತಗ್ಗಿಸಿ ಒತ್ತುತ್ತಿದ್ದಳು.

ಸಾಹೇಬರು ಆಕೆಯನ್ನು ತಮ್ಮ ಕೋಣೆಗೆ ಕರೆಸಿದರು. ನಾನು ಅಲ್ಲೇ ಇದ್ದೆ. ಆಕೆ, ಬಟ್ಟು ಒತ್ತಿದ ಮ್ಯಾಲ ಅಕ್ಷರ ಬರ್ಲಿಕ್ಕೇ ಹೊತ್ತಾಗ್ಲಿಕತ್ತದ್ರಿ ಎಂದಳು. ಸಾಹೇಬರು ಆಕೆಯ ಹೆಸರಿನ ಅರ್ಧ ಅಂಟಿಸಿದ್ದ ಪರದೆಯ ಕಡೆಗೇ ಆಕೆಯನ್ನು ತಿರುಗಿಸಿ, ಸಂದಿನ ಮೇಲೆ ಉಂಗುರ ತಟ್ಟಿದರು.

"ನೋಡವ್ವಾ, ಮಷೀನ್ ಖಾಲಿ ಕುಂತದ. ನಿನ್ನ ದಾರಿ ಕಾಯ್ಲಿಕತ್ತದ. ಮಷೀನ್ ಜಲ್ದಿ ಅದ, ನಿನ್ನ ಕೈ ಸಾವಕಾಶ ಅದಾವ. ಇದು ನನ್ನ ಮಾತಲ್ಲ, ಅಂಕಿ ಮಾತು."

ಮಹಾದೇವಿ ಪರದೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಅಂಕಿ ನಿಜವಾಗಿಯೂ ದೊಡ್ಡದಿತ್ತು. ಆಕೆ ಆ ಗಳಿಗೆಯಲ್ಲೇ ಅದನ್ನು ನಂಬಿದಳು ಎಂದು ನನ್ನ ಅನಿಸಿಕೆ. ಅಂದಿನಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಯಂತ್ರ ಮುಟ್ಟದೆ, ಬರೀ ಮೇಜಿನ ಮೇಲೆ ಬೆರಳು ಆಡಿಸುತ್ತ ಅಭ್ಯಾಸ ಮಾಡುತ್ತಿದ್ದಳು.

ನನಗೆ ಸಂಶಯ ಇತ್ತು. ನನ್ನ ಪರದೆಯಲ್ಲಿ ಕಾರ್ಡು ಇರಲಿಲ್ಲ. ಅದೇ ಕಮಾಂಡನ್ನು ಹಾಕಿ ಎಡಗಡೆಯ ಅಂಕಿ ನೋಡಿದೆ. ಡಿಸ್ಕಿನ ದಾರಿ ಕಾಯುತ್ತಿದ್ದ ಕೆಲಸಗಳ ಸಂಖ್ಯೆ ಇಳಿಯುತ್ತಲೇ ಇರಲಿಲ್ಲ. ಡಿಸ್ಕು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಇನ್ನೊಂದು ಕಮಾಂಡು ಇದೆ, ಅದನ್ನೂ ಹಾಕಿದೆ. ಡಿಸ್ಕಿಗೆ ಉಸಿರು ತೆಗೆದುಕೊಳ್ಳಲು ಬಿಡುವಿರಲಿಲ್ಲ. ಯಾರು ಅದನ್ನು ಹೀಗೆ ಹಿಂಡುತ್ತಿದ್ದಾರೆ ಎಂದು ನಡೆಯುತ್ತಿರುವ ಕೆಲಸಗಳ ಪಟ್ಟಿ ತೆಗೆದೆ. ಎಲ್ಲಕ್ಕೂ ಮೇಲೆ ಸಾಹೇಬರದೇ ಕೆಲಸ.

ಆದದ್ದು ಇಷ್ಟು. ಯಂತ್ರ ಬಂದ ಹೊಸದರಲ್ಲಿ ಸಾಹೇಬರು ಯಂತ್ರ ಮಾರಿದ ಕಂಪನಿಯ ಎಂಜಿನಿಯರನಿಂದ ಒಂದು ಪ್ರೋಗ್ರಾಮ್ ಬರೆಸಿಕೊಂಡಿದ್ದರು. ಕ್ಷಣಕ್ಕೊಂದು ಹುಟ್ಟುವ ಆ ಸಾಲುಗಳನ್ನೆಲ್ಲ ಡಿಸ್ಕಿನಲ್ಲಿ ಕೂಡಿಡಬೇಕು. ಸ್ವಲ್ಪ ಸ್ವಲ್ಪ ಹೊತ್ತಿಗೆ ಕೂಡಿಟ್ಟದ್ದನ್ನೆಲ್ಲ ಮೊದಲಿನಿಂದ ಹೊರತೆಗೆದು, ಯಂತ್ರ ಎಲ್ಲಕ್ಕಿಂತ ಹೆಚ್ಚು ಖಾಲಿ ಇದ್ದ ಹೊತ್ತು ಯಾವುದು ಎಂದು ವಿಂಗಡಿಸಬೇಕು. ಹಳೆಯದನ್ನು ಅಳಿಸುವ ಮಾತೇ ಇಲ್ಲ, ದಾಖಲೆ ಹೋಗುತ್ತದಲ್ಲ! ತಿಂಗಳು ಕಳೆದಂತೆ ರಾಶಿ ಬೆಳೆಯಿತು. ಒಂದು ವಿಂಗಡಣೆ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತಿತ್ತು. ಯಂತ್ರ ತನ್ನ ಬಹುಪಾಲು ಶಕ್ತಿಯನ್ನು ತಾನು ಎಷ್ಟು ಖಾಲಿ ಇದ್ದೇನೆ ಎಂದು ಹುಡುಕುವುದಕ್ಕೇ ಸುರಿಯುತ್ತಿತ್ತು. ಮಹಾದೇವಿಯ ಚಲನ್ ಆ ರಾಶಿಯ ಹಿಂದೆ ಸಾಲಿನಲ್ಲಿ ನಿಂತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಕೇಳಿದ್ದೆ, ನೋಡಿದ್ದು ಅದೇ ಮೊದಲು.

ಅವರಿಗೇ ಹೇಳಿದೆ. ಸಿಟ್ಟಿನಿಂದಲ್ಲ, ಮೆತ್ತಗೆ, ಕುರ್ಚಿಯ ತುದಿಯಲ್ಲಿ ಕುಳಿತು, ಹೆಂಚು ಗಿರಣಿಯ ಮಾತನ್ನೂ ಹೇಳಿದೆ. ಅವರು ಕೇಳಿಸಿಕೊಂಡು ನಕ್ಕರು. ನೀನು ಸಣ್ಣವ, ನೋಡುವುದಕ್ಕೂ ಮಾಡುವುದಕ್ಕೂ ಫರಕು ಗೊತ್ತಿಲ್ಲ ಎಂದರು. ನಾನು ಯಂತ್ರಕ್ಕೆ ಕೆಲಸ ಕೊಡುತ್ತಿಲ್ಲ, ಅದನ್ನು ನೋಡುತ್ತಿದ್ದೇನೆ, ನೋಡುವುದಕ್ಕೆ ದುಡ್ಡು ಖರ್ಚಾಗುತ್ತದೇನು ಎಂದು ಅದೇ ಹಳೆಯ ಮಾತು. ಆ ಪ್ರೋಗ್ರಾಮನ್ನು ನಿಲ್ಲಿಸುವ ಅಧಿಕಾರದ ಪಾಸ್‌ವರ್ಡ್ ಅವರೊಬ್ಬರ ಹತ್ತಿರ ಇತ್ತು. ಅದನ್ನು ಹೊಡೆಯುವಾಗ ನಮ್ಮನ್ನೆಲ್ಲ ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು.

ಆಮೇಲೆ ಜನರಲ್ ಮ್ಯಾನೇಜರರಿಗೆ ಡಿಸ್ಕಿನ ಅಂಕಿಗಳನ್ನೆಲ್ಲ ಸೇರಿಸಿ ಬರೆದುಕೊಟ್ಟೆ. ಅಂಕಿ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದವರು ತಾನೆ. ಅವರು ಅದನ್ನು ಅಭಿಪ್ರಾಯಕ್ಕಾಗಿ ಯಾರಿಗೆ ಕಳಿಸಿದರು ಎಂದು ಹೇಳಬೇಕಾಗಿಲ್ಲ. ಸಾಹೇಬರ ಮುತ್ತಿನ ಅಕ್ಷರದಲ್ಲಿ ಒಂದು ಷರಾ ಬಿದ್ದು ವಾಪಸು ಬಂತು. ಬರೆದವರಿಗೆ ಅನುಭವ ಸಾಲದು. ಅದರ ಜೊತೆಗೇ ಮಹಾದೇವಿಯ ಮೇಲಿನ ವರದಿಯೂ ಹೋಯಿತು. ನಡತೆ ಉತ್ತಮ, ಕೈ ನಿಧಾನ, ಕಾಯಂ ಮಾಡತಕ್ಕದ್ದಲ್ಲ.

ಒಂದು ಶನಿವಾರ ಆಕೆ ಕಿಟಕಿಯ ಕೀಲಿಕೈ ಒಪ್ಪಿಸಿ ಹೋದಳು. ಸೋಮವಾರ ಸಿಕಂದರಾಬಾದಿನಿಂದ ಎಂಜಿನಿಯರ್ ಬಂದ. ಡಿಸ್ಕು ಕೆಟ್ಟಿದೆ ಎಂದು ನಾನೇ ಹಟ ಹಿಡಿದು ಕಂಪನಿಗೆ ಟೆಲಿಗ್ರಾಮ್ ಕೊಡಿಸಿದ್ದೆ, ಆತ ಬಂದದ್ದು ಎರಡು ದಿನ ತಡವಾಗಿ. ಸಾಹೇಬರ ಕುರ್ಚಿಯಲ್ಲಿ ಕುಳಿತ, ಕಾರ್ಡು ಕಿತ್ತು ಮೇಜಿನ ಮೇಲಿಟ್ಟ, ಎಡಗಡೆಯ ಅಂಕಿ ನೋಡಿ ತಲೆ ಚಚ್ಚಿಕೊಂಡ. ಹಿಂದಿಯಲ್ಲಿ, ಇದನ್ನು ನಾಲ್ಕು ದಿನ ಪರೀಕ್ಷೆ ಮಾಡಿ ನಿಲ್ಲಿಸಿ ಅಂದಿದ್ದೆವಲ್ಲ ಸಾಹೇಬ್ ಎಂದ. ಸಾಹೇಬರಿಂದಲೇ ಪಾಸ್‌ವರ್ಡ್ ಹೊಡೆಸಿ ಪ್ರೋಗ್ರಾಮ್ ನಿಲ್ಲಿಸಿದ, ರಾಶಿಯನ್ನು ಅಳಿಸಿದ. ಗೇಟಿನಲ್ಲಿ ಹೊಸದಾಗಿ ಕೂರಿಸಿದ್ದ ಗುಮಾಸ್ತ ಒಂದೊಂದೇ ಬೆರಳಿನಲ್ಲಿ ಒತ್ತುತ್ತಿದ್ದ, ಆದರೂ ಚಲನ್‌ಗಳು ಪಟಪಟ ಬಂದವು. ಸಂಜೆಯೊಳಗೆ ಫಾಟಕದವರೆಗಿನ ಸಾಲು ಕರಗಿತು.

ನಾನು ಸಾಹೇಬರ ಮುಖವನ್ನೇ ನೋಡುತ್ತಿದ್ದೆ. ನಾಚಿಕೆಯೋ, ಕಸಿವಿಸಿಯೋ, ಸುಳ್ಳು ಹುಡುಕುವ ಗಡಿಬಿಡಿಯೋ, ಏನಾದರೂ ಇರಬೇಕಲ್ಲ. ಏನೂ ಇರಲಿಲ್ಲ. ಎಂಜಿನಿಯರ್ ರೈಲು ಹತ್ತಿದ ಮೇಲೆ ಬಂದು, ಗೋಂದು ಹಚ್ಚಿ ಆ ಕಾರ್ಡನ್ನು ಮತ್ತೆ ಅಲ್ಲೇ ಅಂಟಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅವಳಿಗಾದರೂ ತನಗೆ ಕುಣಿಯಲು ಬಾರದು ಎಂದು ಒಳಗೆ ಗೊತ್ತಿತ್ತು. ಇವರಿಗೆ ಅದೂ ಗೊತ್ತಿರಲಿಲ್ಲ. ಸುಳ್ಳುಗಾರರಾಗಿದ್ದರೆ ಇಷ್ಟು ಹೇಸುತ್ತಿರಲಿಲ್ಲ ನಾನು.

ಆ ವಾರದ ಚೀಟಿಯಲ್ಲಿ ಅವರು ಬರೆದದ್ದು: ಶನಿವಾರ ನಿಧಾನದ ಆಪರೇಟರನ್ನು ಬಿಡಿಸಲಾಯಿತು, ಸೋಮವಾರದಿಂದ ಕೆಲಸ ಚುರುಕಾಗಿದೆ. ಬಣ್ಣದ ಪೆನ್ನಿನಲ್ಲಿ ಒಂದು ನಕ್ಷೆಯನ್ನೂ ಬರೆದಿದ್ದರು. ಶನಿವಾರದವರೆಗೆ ಗೆರೆ ನೆಲದಲ್ಲಿ, ಸೋಮವಾರದಿಂದ ಆಕಾಶದಲ್ಲಿ. ರಾಜ್ಯೋತ್ಸವದ ದಿನ ಮ್ಯಾನೇಜರರು ಅವರಿಗೆ ಶಾಲು ಹೊದಿಸಿ ಬೆಳ್ಳಿಯ ತಟ್ಟೆ ಕೊಟ್ಟರು. ನಾನು ಚಪ್ಪಾಳೆ ತಟ್ಟಲಿಲ್ಲ. ಮುಂದಿನ ತಿಂಗಳು ರಾಜೀನಾಮೆ ಕೊಟ್ಟು ಸೇಡಮಿನಲ್ಲಿ ಬೇರೆ ಕೆಲಸ ಹಿಡಿದೆ.

ಅದಕ್ಕೆ ಮೊದಲು ಕಾಗಿಣಾ ದಂಡೆಯ ಅವರ ಮನೆಗೆ ಹೋಗಿದ್ದೆ. ಗಂಡನ ಮನೆಗೆ ಹೊರಡಲು ಮಹಾದೇವಿ ಟ್ರಂಕು ಕಟ್ಟುತ್ತಿದ್ದಳು. ಪುಂಡಿಪಲ್ಯ ರೊಟ್ಟಿ ಹಾಕಿದರು. ಎಂಜಿನಿಯರ್ ಮಾಡಿದ್ದನ್ನೆಲ್ಲ ಹೇಳಿದೆ, ತಪ್ಪು ನಿನ್ನ ಕೈಯದಲ್ಲ ಎಂದೆ. ಆಕೆ ಸಮಾಧಾನವಾಗಿ ಕೇಳಿದಳು. ನನ್ನ ಮನಸ್ಸು ನೋಯಬಾರದು ಎಂದು ಹೇಳುತ್ತಿದ್ದೀರಿ, ನನಗೆ ತಿಳಿಯುತ್ತದೆ ಎಂದಳು. ಅಂಕಿ ನೋಡಿದ ಹುಡುಗಿಗೆ ಬಾಯಿಮಾತು ಯಾವ ಲೆಕ್ಕ? ಅಪ್ಪ ಕೈಗಡಿಯಾರಕ್ಕೆ ಕೀಲಿ ಕೊಡುತ್ತ ಕುಳಿತಿದ್ದ. ಆಮೇಲೆ ಆಕೆ ಸುಲೇಪೇಟದಲ್ಲಿ ಟೈಪಿಂಗ್ ಶಾಲೆ ತೆರೆದಳೆಂದು ಕೇಳಿದೆ. ಭಾಳ ಕಡಕ್ ಟೀಚರು, ಅವರ ಕೈಯಲ್ಲಿ ಕಲಿತವರು ಕಣ್ಣು ಮುಚ್ಚಿ ಒತ್ತುತ್ತಾರೆ ಎಂದು ಐನಾಪುರದ ಕಡೆಯವರೂ ಹೊಗಳುತ್ತಿದ್ದರು.

ಇನ್ನು ಸಭೆಯ ಮಾತು. ಸಾಹೇಬರ ಫೋಟೋವನ್ನು ಕುರ್ಚಿಯ ಮೇಲಿಟ್ಟು ಹಾರ ಹಾಕಿದ್ದರು. ಹಳೆಯ ಲೇಬರ್ ಆಫೀಸರು ಎದ್ದು ಗುಣಗಾನ ಶುರುಮಾಡಿದರು. ಒಬ್ಬಳು ಸಾವಕಾಶದ ಹುಡುಗಿಯಿಂದ ಕಾರ್ಖಾನೆಯೇ ನಿಂತುಹೋಗುವುದಿತ್ತು, ಸಾಹೇಬರು ಅಂಕಿ ನೋಡಿ ಕಂಡುಹಿಡಿದು ಆಕೆಯನ್ನು ಬಿಡಿಸಿ ಎಲ್ಲರ ಅನ್ನ ಉಳಿಸಿದರು ಎಂದರು. ಜನ ತಲೆದೂಗಿದರು. ಆಗ ನನ್ನ ಕಣ್ಣು ಹೆಂಗಸರ ಕಡೆ ಹೋಯಿತು. ಮೂರನೆಯ ಸಾಲಿನಲ್ಲಿ, ನರೆತ ತಲೆಯ ಮೇಲೆ ಸೆರಗು ಹೊದ್ದು, ಮಹಾದೇವಿ ಕುಳಿತಿದ್ದಳು. ಸುದ್ದಿ ಕೇಳಿ ಸುಲೇಪೇಟದಿಂದ ಬಸ್ಸು ಹತ್ತಿ ಬಂದಿದ್ದಳು. ಉಳಿದವರ ಜೊತೆ ಆಕೆಯೂ ತಲೆದೂಗುತ್ತಿದ್ದಳು.

ನಾನು ಎದ್ದೆ. ಯಂತ್ರ ನಿಧಾನವಾದದ್ದು ಆ ಹುಡುಗಿಯಿಂದಲ್ಲ, ಈ ಮನುಷ್ಯನಿಂದ ಎಂದೆ. ಆಕೆ ಕೆಲಸ ಬಿಟ್ಟದ್ದರಿಂದ ಅದು ಓಡಲಿಲ್ಲ, ಇವರಿಂದ ನೋಡುವುದನ್ನು ಬಿಡಿಸಿದ್ದರಿಂದ ಓಡಿತು ಎಂದೆ. ಅಧ್ಯಕ್ಷರು ಗಡಬಡಿಸಿ ಮೌನ ಆಚರಿಸೋಣ ಎಂದು ಎಲ್ಲರನ್ನೂ ಎಬ್ಬಿಸಿದರು. ನಾನು ಮೊದಲೇ ನಿಂತಿದ್ದೆ.

ಚಹಾದ ಹತ್ತಿರ ಮಹಾದೇವಿ ಬಂದಳು. ಸತ್ತವರಿಗಿ ಹಾಂಗ ಅನಬಾರ್ದಿತ್ರಿ ಅಣ್ಣಾರ, ಎಂದಳು. ಆಕೆ ಕಪ್ಪು ಹಿಡಿದುಕೊಂಡು ಅಲ್ಲೇ ನಿಂತಳು, ಹೋಗಲಿಲ್ಲ.

"ಅವತ್ತ ನೀವು ಮನ್ಯಾಗ ಕುಂತು ಹೇಳಿದ್ದು ಬ್ಯಾರೆ ಇತ್ರಿ. ಸತ್ತವರ ಫೋಟೋ ಮುಂದ ನಿಂತು ಯಾರೂ ಸುಳ್ಳ ಹೇಳಂಗಿಲ್ಲ. ಖರೇ ಏನ್ರಿ, ನನ್ನ ಕೈ ಸಾವಕಾಶ ಇದ್ದಿದ್ದಿಲ್ಲ?"

"ಇದ್ದಿದ್ದಿಲ್ಲ," ಎಂದೆ.

ಆಕೆ ಕಪ್ಪನ್ನು ಮೇಜಿನ ಮೇಲಿಟ್ಟು ತನ್ನ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಮಂದಿ ಮಕ್ಕಳಿಗಿ ಭಾಳ ಬಡದೀನ್ರಿ ನಾ. ಕಟ್ಟಿಗಿ ಪಟ್ಟಿಲಿಂದ ಕೈ ಬಟ್ಟಿನ ಮ್ಯಾಲ ಬಡದೀನಿ. ಸಾವಕಾಶ ಒತ್ತಿದ್ರ ನನ್ಹಂಗ ಆಗ್ತೀರಿ ಅಂತ."

ಇದಕ್ಕೆ ಉತ್ತರ ಕೊಡಬೇಕಾದವರು ಕೊರಳಿಗೆ ಹಾರ ಹಾಕಿಸಿಕೊಂಡು, ಕುರ್ಚಿಯ ಮೇಲೆ ಕುಳಿತು, ನಮ್ಮನ್ನು ನೋಡುತ್ತಿದ್ದರು.